ಒಂದೇ ಬೆಂಕಿ, ಎರಡು ಕೆಲಸ

ಆಸ್ಪತ್ರೆಯ ಹಿಂದಿನ ಓಣಿಗೆ ಕರೆಂಟು ಹೋಗುವುದು ಹೊಸದೇನಲ್ಲ. ಆದರೂ ಆಸ್ಪತ್ರೆಯವರು ಹಿತ್ತಲ ಗೋಡೆಯ ಪಕ್ಕ ಸ್ವಂತ ಗ್ಯಾಸ್ ಎಂಜಿನ್ ಕೂರಿಸುತ್ತೇವೆ ಎಂದಾಗ ಓಣಿಯ ದರ್ಜಿ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ತಿರುಗಿದ. ಸದ್ದು, ಹೊಗೆ, ನಿದ್ದೆಗೇಡು ಯಾರಿಗೆ ಬೇಕು ಎಂದು ಎಲ್ಲರ ಕಿವಿ ತುಂಬಿದ.

ಅವನ ಮನೆಯ ಮಹಡಿಯಲ್ಲಿದ್ದ, ಅದೇ ಆಸ್ಪತ್ರೆಯ ನರ್ಸಮ್ಮ ತಿಳಿಹೇಳಿದಳು.

"ಅಣ್ಣ, ಮಣ್ಣಿನ ಒಲೆ ಪಕ್ಕ ಅದೇ ಬೆಂಕಿಯ ಬಿಸಿಗೆ ಕಾಯೋ ಕೋಡೊಲೆ ಇರುತ್ತಲ್ಲ, ಹಾಗೆ ಇದು. ಎಂಜಿನ್ ಕರೆಂಟು ಕೊಡುತ್ತೆ. ಸುಮ್ಮನೆ ಗಾಳಿಗೆ ಹೋಗೋ ಅದರ ಬಿಸಿಯಿಂದಲೇ ಹಬೆ ಮಾಡ್ತಾರೆ. ಆಪರೇಷನ್ ಕತ್ತರಿ, ಬಟ್ಟೆ ಎಲ್ಲ ಆ ಹಬೆಯಲ್ಲೇ ಶುದ್ಧ ಆಗೋದು. ಸದ್ದು ತಡೆಯೋ ಕೋಣೆನೂ ಕಟ್ತಾರೆ."

"ಆಸ್ಪತ್ರೆಗೆ ಜನರೇಟರ್ ಇದೆಯಲ್ಲಮ್ಮ, ಸಾಕು," ಅಂದ ದರ್ಜಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಅವನು. ಓಣಿಯ ಸಭೆಯಲ್ಲಿ ಬೇಡ ಎಂದು ಮೊದಲು ಕೈ ಎತ್ತಿದವಳು ಅವನ ಅಕ್ಕ. ಅವಳಿಗೆ ಎಂಜಿನ್ನೂ ಗೊತ್ತಿಲ್ಲ, ಹಬೆಯೂ ಗೊತ್ತಿಲ್ಲ. ತಮ್ಮ ಹೇಳಿದ್ದಾನೆ, ಅಷ್ಟೇ. ಯೋಜನೆ ಮೂಲೆ ಸೇರಿತು.

ಮಳೆಗಾಲದ ಬಿರುಗಾಳಿಗೆ ಕಂಬಗಳು ಉರುಳಿದವು. ಮರುದಿನವೂ ಕರೆಂಟು ಬರಲಿಲ್ಲ. ಆ ಮಧ್ಯಾಹ್ನ ಅಕ್ಕನಿಗೆ ತಡೆಯಲಾರದ ಹೊಟ್ಟೆನೋವು. ಕರುಳು ತೂತಾಗಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಜನರೇಟರಿನಿಂದ ದೀಪ ಉರಿಯುತ್ತಿತ್ತು, ಉಸಿರಾಟದ ಯಂತ್ರ ನಡೆಯುತ್ತಿತ್ತು. ಆದರೆ ಹಬೆಯ ಯಂತ್ರ ಓಡಿಸುವ ಶಕ್ತಿ ಅದಕ್ಕಿರಲಿಲ್ಲ. ಶುದ್ಧ ಮಾಡಿಟ್ಟಿದ್ದ ಸಲಕರಣೆಗಳು ಹಿಂದಿನ ದಿನ ಬಿರುಗಾಳಿಗೆ ಸಿಕ್ಕ ಗಾಯಾಳುಗಳಿಗೇ ಮುಗಿದಿದ್ದವು. ಅಕ್ಕನನ್ನು ಪಕ್ಕದ ಊರಿಗೆ ಕಳಿಸಿದರು. ದಾರಿಗೆ ಅಡ್ಡವಾಗಿ ಮರ ಬಿದ್ದಿತ್ತು. ತಮ್ಮನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಅವಳು ಹೋಗಿಬಿಟ್ಟಳು.

ಕೆಲವು ದಿನ ದರ್ಜಿ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಆಮೇಲೆ ಮಹಡಿ ಹತ್ತಿ ಕೇಳಿದ: "ಆ ಎಂಜಿನ್ ಇದ್ದಿದ್ರೆ?"

ನರ್ಸಮ್ಮ ಅವನಿಗೆ ಕೂರಲು ಕುರ್ಚಿ ಸರಿಸಿದಳು. "ಕಂಬ ಬಿದ್ದರೂ ನಡೆಯೋ ಹಾಗೆ ಜೋಡಿಸೋದಿತ್ತು. ಅಕ್ಕ ಉಳೀತಿದ್ರೋ ಇಲ್ವೋ, ನಾನು ಹೇಳಲಾರೆ ಅಣ್ಣ. ಆದರೆ ಬಾಗಿಲಿಂದ ವಾಪಸ್ ಕಳಿಸ್ತಿರಲಿಲ್ಲ."

ಆ ಕೊನೆಯ ಮಾತು ಕೇಳಿ ಅವನು ಮಹಡಿ ಇಳಿದ. ಮತ್ತೆ ಮನೆಮನೆ ತಿರುಗಿದ, ಈ ಸಲ ತಲೆ ತಗ್ಗಿಸಿ. ಕೆಲವರು ಮುಖಕ್ಕೇ ಬಾಗಿಲು ಹಾಕಿದರು, ಅವರದೇನೂ ತಪ್ಪಿಲ್ಲ. ಸಭೆ ಸೇರಿತು. ಎಂಜಿನ್ ಬೇಕು ಅನ್ನುವವರು ಯಾರು ಎಂದು ಕೇಳಿದಾಗ ಮೊದಲು ಎದ್ದವನು ಅಕ್ಕನ ಗಂಡ.

"ಅವತ್ತು ಅವಳು ನಿನ್ನ ಮಾತಿಗೆ ಕೈ ಎತ್ತಿದ್ಲು," ಎಂದ ಬಾವ, ದರ್ಜಿಯನ್ನೇ ನೋಡುತ್ತಾ. "ಇವತ್ತು ಅವಳ ಬದಲು ನಾನು ಎತ್ತೀನಿ."

ಬಂಧುಗಳೇ, ನಿಮ್ಮೂರ ಆಸ್ಪತ್ರೆಗೆ ಹೋಗಿ ಕೇಳಿ: ಕರೆಂಟು ಹೋದಾಗ ದೀಪ ಉರಿಯುತ್ತೆ ಸರಿ, ಹಬೆ ಏಳುತ್ತಾ? ಎಂಜಿನ್ ತರುತ್ತೇವೆ ಅಂದರೆ ಸದ್ದಿನ ಬಗ್ಗೆ, ಹೊಗೆಯ ಬಗ್ಗೆ, ಕಂಬ ಬಿದ್ದಾಗಲೂ ನಡೆಯುತ್ತದೆಯೇ ಎಂಬ ಬಗ್ಗೆ ಕೇಳಿ ತಿಳಿಯಿರಿ. ತಿಳಿದ ಮೇಲೆ ಕೈ ಎತ್ತಿ. ನಿಮ್ಮನ್ನೇ ನಂಬಿ ಕೈ ಎತ್ತುವವರು ನಿಮ್ಮ ಮನೆಯಲ್ಲೂ ಇದ್ದಾರೆ.