ಮೆಣಸಿನಕಾಯಿ ಕಣಕ್ಕೆ ಇಳಿದ ಅಳತೆಕೋಲು

ನಾನು ಒಂದು ಅಳತೆಕೋಲು. ಮೊಳದುದ್ದದ ತೇಗದ ಪಟ್ಟಿ, ಮೈಮೇಲೆ ಆರು ಗೀರು. ವಿಮಾನದ ಟ್ಯಾಂಕಿಗೆ ಇಳಿಸಿ ಎತ್ತಿದರೆ ಒದ್ದೆಯಾದ ಒಂದೊಂದು ಗೀರಿಗೂ ಅರ್ಧ ತಾಸಿನ ಪೆಟ್ರೋಲು. ಬಳ್ಳಾರಿ ಕಡೆಯ ಒಂದು ವಿಮಾನ ಶಾಲೆಯಲ್ಲಿ ಮೆಕ್ಯಾನಿಕ್ ಮಕ್ಬೂಲ್ ಸಾಹೇಬರು ನನ್ನನ್ನು ಕೈಯಾರೆ ಕೆತ್ತಿದರು. "ಮೀಟರಿನ ಮುಳ್ಳು ನಂಬಬ್ಯಾಡ್ರಿ, ಕೋಲು ನಂಬ್ರಿ" ಎಂದು ಹುಡುಗರಿಗೆಲ್ಲ ಪಾಠ. ಅಬ್ಬಾ, ನನಗೆಷ್ಟು ಜಂಬ!

ನಾನು ಹುಟ್ಟಿದ್ದು ಅಗಲ ಟ್ಯಾಂಕಿನ ನೀಲಿ ವಿಮಾನಕ್ಕೆ. ಅದು ಮಾರಾಟವಾದ ಮೇಲೂ ನಾನು ಮೊಳೆಯಲ್ಲಿ ನೇತಾಡುತ್ತಿದ್ದೆ. ಪಕ್ಕದಲ್ಲೇ ಕೆಂಪು ವಿಮಾನದ ಕೋಲು. ಒಂದೇ ಮರ, ಒಂದೇ ಕೈ, ನಾವಿಬ್ಬರೂ ಅವಳಿಜವಳಿ. ಯಾವುದು ಯಾವ ವಿಮಾನದ್ದೆಂದು ಸಾಹೇಬರೊಬ್ಬರಿಗೇ ಗೊತ್ತು.

ರಂಜಾನ್ ಹಬ್ಬಕ್ಕೆ ಸಾಹೇಬರು ರಜೆ ಹಾಕಿದ ದಿನವೇ ಶಾಲೆಯ ವಿದ್ಯಾರ್ಥಿನಿ ಹಂಪಮ್ಮನ ಪರೀಕ್ಷೆ. ಕೆಂಪು ವಿಮಾನದಲ್ಲಿ ಒಬ್ಬಳೇ ಒಂದೂವರೆ ತಾಸು ಹಾರಿ ಮರಳಬೇಕು. ಸೋತರೆ ಹೊಸಪೇಟೆಯ ಮನೆಗೆ ವಾಪಸು. "ಹಂಪಮ್ಮ ಅಂತ ಹಳ್ಳಿ ಹೆಸರಿದ್ರ ವಿಮಾನ ಏಳಂಗಿಲ್ಲ ಬಿಡು" ಎಂದು ಜೊತೆಯವರು ಆಗಲೇ ರೇಗಿಸಿದ್ದರು. ಅವಸರದಲ್ಲಿ ಅವಳ ಕೈಗೆ ಸಿಕ್ಕಿದ್ದು ನಾನು. ಕೆಂಪು ವಿಮಾನದ ಟ್ಯಾಂಕು ಇಕ್ಕಟ್ಟು, ಆಳ; ಕಡಿಮೆ ಪೆಟ್ರೋಲಿಗೂ ಮಟ್ಟ ಮೇಲೇರುತ್ತದೆ. ನಾಲ್ಕು ಗೀರು ಒದ್ದೆಯಾಯಿತು.

"ಎರಡು ತಾಸು!" ಎಂದು ಕೂಗಿದಳು. ಬೋಧಕ ಕ್ಯಾಪ್ಟನ್ ಫಡ್ನಿಸ್ ತಲೆಯೆತ್ತದೆ ಬರೆದುಕೊಂಡರು. ಇದ್ದದ್ದು ಒಂದೇ ತಾಸಿನದು. ನನಗೆ ಬಾಯಿ ಇದ್ದಿದ್ದರೆ! ಹಂಪಮ್ಮ ನನ್ನನ್ನು ಸೀಟಿನ ಹಿಂದೆ ಸಿಕ್ಕಿಸಿ ಹಾರಿಯೇ ಬಿಟ್ಟಳು.

ಏನು ಹಾರಾಟ ಅದು! ಕೆಳಗೆ ಕಾಲುವೆ, ಹತ್ತಿ ಹೊಲ, ಹೆಬ್ಬಂಡೆಗಳ ಗುಡ್ಡ. ಹಂಪಮ್ಮ ಗಂಟಲು ಬಿಟ್ಟು ಹಾಡುತ್ತಿದ್ದಳು. ಮೀಟರಿನ ಮುಳ್ಳು ಸೊನ್ನೆಗೆ ಇಳಿದರೂ ಹೆದರಲಿಲ್ಲ; ಕೋಲು ಹೇಳಿದೆಯಲ್ಲ! ಅಷ್ಟರಲ್ಲಿ ಎಂಜಿನು ಎರಡು ಸಲ ಕೆಮ್ಮಿ ನಿಂತೇಹೋಯಿತು.

"ಹೆದರಬ್ಯಾಡ ಹಂಪಿ, ಹೆದರಬ್ಯಾಡ" ಎಂದು ತನಗೆ ತಾನೇ ಹೇಳಿಕೊಂಡಳು. ಎತ್ತ ನೋಡಿದರೂ ಕರೆಂಟು ಕಂಬ. ಒಂದು ಕಡೆ ಮಾತ್ರ ಸಮತಟ್ಟಾದ ಕೆಂಪು ನೆಲ. ವಿಮಾನದ ಮೂಗನ್ನು ಅತ್ತ ತಿರುಗಿಸಿದಳು. ಧಡ್! ಧಡಧಡ! ಕೆಂಪು ನೆಲವೇ ಮೇಲೆದ್ದು ನಮ್ಮ ಮೇಲೆ ಸುರಿಯಿತು. ಅದು ಮೆಣಸಿನಕಾಯಿ ಒಣಹಾಕಿದ ಕಣ! ಆಳುಗಳು ಬುತ್ತಿ ಉಣ್ಣಲು ಮರದಡಿ ಸೇರಿದ್ದದ್ದು ಪುಣ್ಯ. ಊರಿಗೆ ಊರೇ ಸೀನುತ್ತ ಓಡಿಬಂತು.

"ಯವ್ವಾ, ಇಳಿಯಾಕ ನಿನಗ ನನ್ನ ಮೆಣಸಿನಕಾಯೇ ಬೇಕಿತ್ತೇನ?" ಎಂದು ಕಣದ ಒಡತಿ ದುರುಗಮ್ಮ ಬೈಯುತ್ತಲೇ ಅವಳನ್ನು ತಬ್ಬಿಕೊಂಡು ನೀರು ಕುಡಿಸಿದಳು.

ಫೋನಿನಲ್ಲಿ ಸುದ್ದಿ ಮುಟ್ಟಿ, ಮಧ್ಯಾಹ್ನ ಜೀಪು ಬಂತು. ಕ್ಯಾಪ್ಟನ್ ಕೆಂಡಾಮಂಡಲ. "ಪೆಟ್ರೋಲು ಅಳೆಯೋಕೆ ಬಾರದವಳು ಪೈಲಟ್ ಆಗ್ತಾಳಂತೆ! ನಾಳೆಯೇ ಮನೆಗೆ ನಡಿ." ಹಂಪಮ್ಮನ ಕಣ್ಣಲ್ಲಿ ನೀರು, ಮೆಣಸಿನ ಘಾಟಿನದಲ್ಲ.

ಹಬ್ಬದ ಹೊಸ ಜುಬ್ಬದಲ್ಲೇ ಬಂದಿದ್ದ ಮಕ್ಬೂಲ್ ಸಾಹೇಬರು ನನ್ನನ್ನು ಕಂಡದ್ದೇ ಬಿಳಿಚಿಕೊಂಡರು. ನನ್ನನ್ನು ಮುರಿದು ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಜೀಪಿನಲ್ಲಿ ತಂದಿದ್ದ ಡಬ್ಬಿಯಿಂದ ಒಂದು ತಾಸಿಗೆ ಸಾಕಾಗುವ ಪೆಟ್ರೋಲನ್ನು ಖಾಲಿ ಟ್ಯಾಂಕಿಗೆ ಸುರಿದು, ನನ್ನನ್ನು ಇಳಿಸಿ ಎತ್ತಿದರು. ನಾಲ್ಕು ಗೀರು ಒದ್ದೆ.

"ನೋಡ್ರಿ ಕ್ಯಾಪ್ಟನ್ ಸಾಹೇಬ್ರ, ಹಾಕಿದ್ದು ಒಂದು ತಾಸಿಂದು, ಇದು ತೋರಿಸೋದು ಎರಡು. ಇದು ನೀಲಿ ವಿಮಾನದ ಕೋಲು. ಹೆಸರು ಬರೀದೆ ತೂಗುಹಾಕಿದಾವ ನಾನು. ಮನಿಗೆ ಕಳಿಸೋದಿದ್ರ ನನ್ನ ಕಳಸ್ರಿ."

ಕ್ಯಾಪ್ಟನ್ ನನ್ನನ್ನು ಕೈಗೆ ತೆಗೆದುಕೊಂಡು ಒದ್ದೆ ಗೀರುಗಳನ್ನು ಎಣಿಸಿದರು. "ನಾನೂ ನೋಡದೆ ಬರೆದೆ" ಎಂದರು. ಯಾರೂ ಮನೆಗೆ ಹೋಗಲಿಲ್ಲ.

ಮುಂದೆ ಹಂಪಮ್ಮ ದೊಡ್ಡ ದೊಡ್ಡ ವಿಮಾನ ಹಾರಿಸಿದರು. ಈಗ ನಿವೃತ್ತರು, ನಾನು ಅವರ ಮನೆಯ ಗಾಜಿನ ಬೀರುವಿನಲ್ಲಿ. ಬಂದವರು ಈ ಕೋಲು ಯಾತರದ್ದೆಂದು ಕೇಳಿದರೆ ಅವರು ಹೇಳುವುದು ಮಕ್ಬೂಲ್ ಸಾಹೇಬರ ಕಥೆ, ನನ್ನದಲ್ಲ. ನನಗೇನೂ ಬೇಸರವಿಲ್ಲ. ಅಂದು ಸುಳ್ಳು ಹೇಳಿದ್ದು ನಾನು. ನನ್ನನ್ನು ಕೆತ್ತಿದವರು ಹೇಳಲಿಲ್ಲ.