ಹನ್ನೊಂದನೆಯ ನೀರು

ಹೂವಿನ ಸ್ಟ್ಯಾಂಡು ತಂದವನು ಅದನ್ನು ಮೊಣಕಾಲಿನಿಂದ ಒತ್ತಿ ಒತ್ತಿ ಅಂತ್ಯಕ್ರಿಯೆ ಭವನದ ಗೋಡೆಗೆ ಸೇರಿಸುತ್ತಿದ್ದ. ಮೂರು ಅಂತಸ್ತಿನ ಬಿಳಿ ಸೇವಂತಿಗೆ. ಮುಂದಿನ ಸಾಲು ನಿಜದ್ದು, ಹಿಂದಿನವು ಪ್ಲಾಸ್ಟಿಕ್ಕಿನವು. ಇಳಿಬಿಟ್ಟ ಎರಡು ಪಟ್ಟಿಗಳಲ್ಲಿ ಒಂದರ ಮೇಲೆ ಸಂತಾಪ, ಇನ್ನೊಂದರ ಮೇಲೆ ಕಳಿಸಿದವರ ಹೆಸರು: ಕಡಲಜೀವಿ ಸಂಶೋಧನಾ ಕೇಂದ್ರದ ನಿರ್ದೇಶಕ ಪ್ರೊಫೆಸರ್ ಮ್ಯೊಂಗ್. ಅದಕ್ಕೆ ಜಾಗ ಸಾಲಲಿಲ್ಲ. ಪ್ರೊಫೆಸರರ ಕೈಕೆಳಗೆ ಡಾಕ್ಟರೇಟು ಮಾಡುತ್ತಿದ್ದ ದಾಜೊಂಗ್, ಸತ್ತವನ ಫೋಟೋ ಇಟ್ಟ ಕೋಣೆಯ ಬಾಗಿಲ ಬಳಿಯಿದ್ದ ಚಿಕ್ಕ ಸ್ಟ್ಯಾಂಡನ್ನು ಎತ್ತಿ ಶೌಚಾಲಯದ ಪಕ್ಕಕ್ಕೆ ಒಯ್ದಳು. ಅದನ್ನು ಕಳಿಸಿದ್ದು ಉನ್‌ಸೊಲ್‌ಳ ತವರೂರಿನ ಹೆಂಗಸರು, ಸಮುದ್ರ ಇಳಿದಾಗ ಕೆಸರಲ್ಲಿ ಆಕ್ಟೋಪಸ್ ಹಿಡಿಯುವವರು.

ಉನ್‌ಸೊಲ್ ನೋಡುತ್ತ ನಿಂತಿದ್ದಳು. ಗಂಡ ಸತ್ತು ಇದು ಮೂರನೆಯ ದಿನ. ಬೆಳಗಿನ ಆರು ಗಂಟೆ. ಏಳಕ್ಕೆ ಶವ ಹೊರಡಬೇಕು.

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದಳು ದಾಜೊಂಗ್, ತಲೆ ಎತ್ತದೆ. "ಅವರದ್ದು ಮೊದಲು ಕಾಣದಿದ್ರೆ ದಾರಿಯುದ್ದಕ್ಕೂ ನನ್ನನ್ನ ಬೈತಾರೆ."

ಪ್ರೊಫೆಸರ್ ಬಂದರು. ಅವರು ಬಿಟ್ಟ ಶೂಗಳನ್ನು ದಾಜೊಂಗ್ ಬಗ್ಗಿ, ಮೂತಿ ಬಾಗಿಲ ಕಡೆಗಿರುವಂತೆ ತಿರುಗಿಸಿ ಇಟ್ಟಳು. ಅವರು ಫೋಟೋಗೆ ಎರಡು ಸಲ ಅಡ್ಡಬಿದ್ದರು, ಉನ್‌ಸೊಲ್‌ಗೆ ಒಂದು ಸಲ. ಮೇಲೇಳುವಾಗ ನರಳಿದರು. ಆಮೇಲೆ ಊಟದ ಕೋಣೆಗೆ ಹೋಗಿ, ಖಾರದ ದನದ ಸಾರಿಗೆ ಅನ್ನ ಕಲಸಿಕೊಂಡು ಕೂತರು. ತುಟಿಯ ಮೇಲೆ ಕೆಂಪು ಜಿಡ್ಡು ನಿಂತಿತು. ಅದನ್ನು ನೋಡಬಾರದೆಂದುಕೊಂಡರೂ ಉನ್‌ಸೊಲ್‌ಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

*

ಅವಳ ಗಂಡ ಗ್ಯುಹ್ವಾನ್ ಮೊದಲ ಸಲ ಅವಳ ತವರೂರಿಗೆ ಬಂದದ್ದು ಹತ್ತು ವರ್ಷದ ಹಿಂದೆ, ಹೊಸ ಬೂಟು ಹಾಕಿಕೊಂಡು. ಮೊದಲ ಅರ್ಧ ಗಂಟೆಯಲ್ಲೇ ಒಂದು ಬೂಟನ್ನು ಕೆಸರು ನುಂಗಿತು. ಬಗೆದು ತೆಗೆದುಕೊಟ್ಟದ್ದು ಉನ್‌ಸೊಲ್‌ಳ ಅಮ್ಮ ಸುಲ್ಲೆ.

ಪ್ರೊಫೆಸರರ ಕೇಂದ್ರದ ಸಂಶೋಧನೆಗೆ, ಆಕ್ಟೋಪಸ್ ಕೆಸರಿನೊಳಗಿಂದ ಉಸಿರುಬಿಡುವ ತೂತುಗಳನ್ನು ಎಣಿಸಬೇಕು ಎಂದನಂತೆ. ಅವನು ಎಣಿಸಿದವೆಲ್ಲ ಏಡಿಯ ಬಿಲಗಳು. ಸುಲ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅವನ ಕೈಹಿಡಿದು ಬೆರಳನ್ನು ನಿಜವಾದ ತೂತಿನ ಅಂಚಿಗೆ ಮುಟ್ಟಿಸಿದಳು. ಅವನು ತಾರೀಖು ಬರೆದುಕೊಂಡಾಗ ಬೈದಳು. "ಸಮುದ್ರಕ್ಕೆ ನಿನ್ನ ಕ್ಯಾಲೆಂಡರ್ ಓದೋಕೆ ಬರುತ್ತೇನೋ? ನೀರಿನ ಲೆಕ್ಕ ಬರಿ."

ನೀರಿನ ಲೆಕ್ಕವೆಂದರೆ ಚಂದ್ರನ ಲೆಕ್ಕ. ಮೊದಲನೆಯ ನೀರು, ಎರಡನೆಯ ನೀರು, ಹೀಗೆ ಎಣಿಸಿ ಹದಿನೈದು ದಿನಕ್ಕೊಮ್ಮೆ ಮತ್ತೆ ಮೊದಲಿನಿಂದ; ಹುಣ್ಣಿಮೆಗೆ ಏಳನೆಯ ನೀರು. ಅಂದಿನಿಂದ ಅವನ ಪುಸ್ತಕದಲ್ಲಿ ತಾರೀಖು ಕಾಣಲಿಲ್ಲ. ಹುಣ್ಣಿಮೆ ಕಳೆದ ನಾಲ್ಕನೆಯ ದಿನ, ಹನ್ನೊಂದನೆಯ ನೀರಿನಂದು, ಹತ್ತು ಚೌಕಗಳಲ್ಲಿ ಎಣಿಕೆ. ಚೌಕದ ಮೂಲೆಗೆ ಬಿದಿರ ಗೂಟ, ಗೂಟಕ್ಕೆ ಬಟ್ಟೆಯ ಚಿಂದಿ. ಒಂದು ತಿಂಗಳೂ ತಪ್ಪಿಸಲಿಲ್ಲ. ಮದುವೆಯ ವಾರವೂ ಕೆಸರಿಗಿಳಿದಿದ್ದ. ಉನ್‌ಸೊಲ್ ದಡದಲ್ಲಿ ಕೂತು ಕಾದಿದ್ದಳು.

ಉಳಿದ ದಿನಗಳಲ್ಲಿ ಎರಡು ಊರಿನ ಎರಡು ಕಾಲೇಜುಗಳಲ್ಲಿ ಗಂಟೆಯ ಲೆಕ್ಕದ ಪಾಠ. ಗಂಟು ಹೊತ್ತು ತಿರುಗುವ ವ್ಯಾಪಾರಿ ಅಂತ ತನ್ನನ್ನೇ ಆಡಿಕೊಳ್ಳುತ್ತಿದ್ದ. ಮೊನ್ನೆ ಬಸ್ಸು ನಿಲ್ದಾಣ ಸೇರಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ನಿದ್ದೆ ಬಂದಿರಬೇಕೆಂದು ಡ್ರೈವರ್ ಸ್ವಲ್ಪ ಹೊತ್ತು ಸುಮ್ಮನಿದ್ದನಂತೆ. ಮೂವತ್ತೊಂಬತ್ತು ವರ್ಷ.

*

ಪ್ರೊಫೆಸರ್ ಸನ್ನೆ ಮಾಡಿ ಕರೆದರು. ಉನ್‌ಸೊಲ್ ಹೋಗಿ ಎದುರಿಗೆ ಕೂತಳು. ಪಕ್ಕದ ಮೇಜಿನಲ್ಲಿ ಅಮ್ಮ ಅನ್ನ ಮುಟ್ಟದೆ ಕೂತಿದ್ದಳು.

ಅವರು ಗ್ಯುಹ್ವಾನ್‌ನನ್ನು ಹೊಗಳಿದರು. ಒಳ್ಳೆಯವ, ಎದುರಾಡಿದವನಲ್ಲ ಎಂದರು. ಆಮೇಲೆ ಚಮಚ ಕೆಳಗಿಟ್ಟರು.

"ನೋಡಮ್ಮ, ಇವತ್ತು ಕೇಳಬಾರದು, ನನಗೂ ಗೊತ್ತು. ಆದ್ರೆ ಹತ್ತು ವರ್ಷದ ಕೊನೇ ಎಣಿಕೆ ಇವತ್ತೇ ಅಂತ ಅವನೇ ಹೇಳಿದ್ದ. ಮಧ್ಯಾಹ್ನ ದಾಜೊಂಗ್‌ನ ಕಳಿಸ್ತೀನಿ. ಗೂಟ ಎಲ್ಲಿವೆ ಅಂತ ನಿಮ್ಮಮ್ಮ ತೋರಿಸಿದ್ರೆ ಸಾಕು. ಮತ್ತೆ ಆ ಪುಸ್ತಕಗಳು. ಅವನು ನನಗೆ ಕೊಟ್ಟಿದ್ದು ವರ್ಷದ ಮೊತ್ತ ಮಾತ್ರ. ಪ್ರಬಂಧ ಅಚ್ಚುಹಾಕೋ ಪತ್ರಿಕೆಯವರು ಮೂಲ ಲೆಕ್ಕ ಕೇಳ್ತಿದ್ದಾರೆ."

ಪುಸ್ತಕಗಳು ಅಲ್ಲೇ ಇದ್ದವು. ಗ್ಯುಹ್ವಾನ್‌ನ ಜೊತೆ ಬಸ್ಸಿನಿಂದ ಇಳಿಸಿದ ಚೀಲದಲ್ಲಿ, ಫೋಟೋದ ಕೆಳಗೆ. ಉನ್‌ಸೊಲ್ ಒಂದನ್ನು ತಂದುಕೊಟ್ಟಳು. ಯಾಕೆ ಕೊಟ್ಟೆನೆಂದು ಅವಳಿಗೇ ತಿಳಿಯಲಿಲ್ಲ. ಅವರು ಹಾಳೆ ಮಗುಚಿದರು, ಹುಬ್ಬು ಗಂಟಿಕ್ಕಿದರು.

"ತಾರೀಖು ಎಲ್ಲಿದೆ? ಎಲ್ಲಾ ಕಡೆ ಹನ್ನೊಂದನೇ ನೀರು, ಹನ್ನೊಂದನೇ ನೀರು, ಏನಿದು?"

ಹತ್ತು ವರ್ಷ ಈ ಕೆಲಸಕ್ಕೆ ಮುಖ್ಯಸ್ಥರಾಗಿದ್ದವರು ಕೇಳುತ್ತಿದ್ದರು. ಅಮ್ಮನ ಮುಖ ಮೂರು ದಿನದಲ್ಲಿ ಮೊದಲ ಸಲ ಅರಳಿತು. "ಅದಾ ಮೇಷ್ಟ್ರೇ? ನಾನು ಹೇಳ್ತೀನಿ. ನಮ್ಮ ಅಳಿಯಂಗೂ ನಾನೇ ಕಲಿಸಿದ್ದು," ಎಂದು ಹತ್ತಿರ ಸರಿದಳು. ಪ್ರೊಫೆಸರ್ ದಾಜೊಂಗ್ ಕಡೆ ನೋಡಿ ಗಲ್ಲ ಅಲ್ಲಾಡಿಸಿದರು: ಬರೆದುಕೋ. ದಾಜೊಂಗ್ ಪೆನ್ನು ತೆಗೆದಳು, ಬರೆಯಲಿಲ್ಲ.

"ಯಾರ ಹೆಸರು ಮೊದಲು?" ಎಂದು ಉನ್‌ಸೊಲ್ ಕೇಳಿದಳು.

"ಏನು?"

"ಪ್ರಬಂಧದಲ್ಲಿ."

ಅದಕ್ಕೊಂದು ಕ್ರಮ ಇರುತ್ತೆ, ನೀನೂ ಓದಿದವಳು, ತಿಳಿಯುತ್ತೆ ಎಂದರು. ಗ್ಯುಹ್ವಾನ್‌ನ ಹೆಸರು ಖಂಡಿತ ಇರುತ್ತೆ, ಮೂರನೆಯದಾಗಿ. "ಅವನ ಹೆಸರಿನ ಮುಂದೆ ಪುಟ್ಟ ಶಿಲುಬೆ ಗುರುತು ಹಾಕಿಸ್ತೀನಿ. ತೀರಿಕೊಂಡವರಿಗೆ ಹಾಕ್ತಾರೆ. ಓದೋರ ಮನಸ್ಸು ಕರಗುತ್ತೆ. ವಿಮರ್ಶಕರದ್ದೂ."

"ಎರಡನೇದು ಯಾರದು?"

ಪ್ರೊಫೆಸರ್ ನೀರು ಕುಡಿದರು. ಉತ್ತರ ದಾಜೊಂಗ್‌ಳಿಂದ ಬಂತು, ಮೇಜು ನೋಡುತ್ತಲೇ. "ಅವರ ಮಗಳದ್ದು ಅಕ್ಕ. ಹೈಸ್ಕೂಲು ಎರಡನೇ ವರ್ಷ."

*

ಆ ಹುಡುಗಿ ಒಂದೇ ಒಂದು ಮಧ್ಯಾಹ್ನ ಬಂದಿದ್ದಳು, ಹೋದ ವರ್ಷ. ವಿನಯದ ಹುಡುಗಿಯೇ. ಕೆಸರಿನ ವಾಸನೆಗೆ ಎರಡು ಸಲ ವಾಂತಿ ಮಾಡಿ, ಎಣಿಸುವವಳಂತೆ ಬಗ್ಗಿ ನಿಂತು ಫೋಟೋ ತೆಗೆಸಿಕೊಂಡು ಹೋದಳು. ಶಾಲೆಯ ವರದಿಯನ್ನು ಮೂರು ದಿನ ಕೂತು ಬರೆದುಕೊಟ್ಟವನು ಗ್ಯುಹ್ವಾನ್.

"ನಿಮಗೆ ಅಸಹ್ಯ ಆಗಲ್ವಾ?" ಎಂದು ಕೇಳಿದ್ದಳು ಉನ್‌ಸೊಲ್.

"ಆಗುತ್ತೆ," ಎಂದಿದ್ದ. "ಈ ಹತ್ತು ವರ್ಷ ಒಂದು ಮುಗೀಲಿ. ಇದರಲ್ಲಿ ನನ್ನ ಹೆಸರು ಮೊದಲು ಅಂತ ಮಾತು ಕೊಟ್ಟಿದ್ದಾರೆ."

ಅವನು ನಂಬಿದ್ದ. ಆ ರಾತ್ರಿ ಅವಳಿಗೆ ಗಂಡನ ಮೇಲೂ ಹೇಸಿಗೆಯಾಗಿತ್ತು. ಈಗ ಅದನ್ನು ಅವನಿಗೆ ಹೇಳಿಕೊಳ್ಳುವಂತಿಲ್ಲ.

*

ಉನ್‌ಸೊಲ್ ಕೈಚಾಚಿ ಪುಸ್ತಕ ತೆಗೆದುಕೊಂಡಳು. ಅಂಚಿನಲ್ಲಿ ಕೆಂಪು ಜಿಡ್ಡಿನ ಬೆರಳಚ್ಚು ಬಿದ್ದಿತ್ತು. ಬಟ್ಟೆಯಿಂದ ಒರೆಸಿದಳು, ಹರಡಿತೇ ಹೊರತು ಹೋಗಲಿಲ್ಲ.

"ಅಮ್ಮ, ಹೇಳಬೇಡ," ಎಂದಳು.

ಸುಲ್ಲೆ ಮಗಳ ಮುಖ ನೋಡಿದಳು, ಪ್ರೊಫೆಸರರ ಮುಖ ನೋಡಿದಳು. ಅವಳಿಗೆ ಪ್ರಬಂಧದ ಕ್ರಮ ಗೊತ್ತಿರಲಿಲ್ಲ. ತಾನು ಹಿಡಿದದ್ದನ್ನು ಇನ್ನೊಬ್ಬರು ಬುಟ್ಟಿಗೆ ಹಾಕಿಕೊಳ್ಳುವುದು ಗೊತ್ತಿತ್ತು. "ಮರೆತೇ ಹೋಯ್ತು ನೋಡಿ ಮೇಷ್ಟ್ರೇ," ಎಂದಳು. "ವಯಸ್ಸಾಯ್ತಲ್ಲ. ಗೂಟ ಎಲ್ಲಿದ್ವೋ ಏನೋ."

ಇದು ಕೇಂದ್ರದ ಕೆಲಸ, ಒಬ್ಬನ ಮನೆಯ ಆಸ್ತಿಯಲ್ಲ ಎಂದರು ಪ್ರೊಫೆಸರ್. ದನಿ ಏರಲಿಲ್ಲ. ಗ್ಯುಹ್ವಾನ್ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದರು.

"ಮಾಡ್ತಿರಲಿಲ್ಲ," ಎಂದಳು ಉನ್‌ಸೊಲ್. "ಅವರಿಲ್ಲ. ಶವ ಒಯ್ಯೋ ಬಸ್ಸು ಬಂತು, ನಾವು ಹೊರಡಬೇಕು."

ಪ್ರೊಫೆಸರ್ ಬಾಗಿಲಿಗೆ ಬಂದಾಗ ಬಂದವರೆಲ್ಲರ ಶೂಗಳ ನಡುವೆ ತಮ್ಮವು ಸಿಗದೆ ಸ್ವಲ್ಪ ತಡಕಾಡಿದರು. ದಾಜೊಂಗ್ ಶವಪೆಟ್ಟಿಗೆಯ ಒಂದು ತುದಿಗೆ ಕೈಕೊಡಲು ಹೋಗಿದ್ದಳು.

ಹೂವಿನವನು ಆಗಲೇ ವಾಪಸು ಬಂದಿದ್ದ. ಸ್ಟ್ಯಾಂಡುಗಳು ಇನ್ನೊಂದು ಸಾವಿಗೆ ಹೋಗಬೇಕು. ಪಟ್ಟಿಗಳನ್ನು ಕಿತ್ತು ನೆಲಕ್ಕೆ ಎಸೆಯುತ್ತಿದ್ದ. ಸುಲ್ಲೆ ಬಗ್ಗಿ ಪ್ರೊಫೆಸರರ ಹೆಸರಿದ್ದ ಪಟ್ಟಿಯನ್ನು ಎತ್ತಿಕೊಂಡಳು, ಎಳೆದು ನೋಡಿದಳು.

"ಗಟ್ಟಿ ಬಟ್ಟೆ," ಎಂದು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು.

ಹನ್ನೊಂದರ ಹೊತ್ತಿಗೆ ಎಲ್ಲ ಮುಗಿದಿತ್ತು. ಬೂದಿಯ ಜಾಡಿಯನ್ನು ಚಿತಾಗಾರದ ಪಕ್ಕದ ಕಟ್ಟಡದ ಗೂಡಿನಲ್ಲಿಟ್ಟು, ಗಾಜಿನ ಬಾಗಿಲು ಮುಚ್ಚಿದರು.

*

ಎರಡು ಗಂಟೆಗೆ ಸಮುದ್ರ ದೂರ ಸರಿದಿತ್ತು. ಕಪ್ಪು ಲಂಗವನ್ನು ಎತ್ತಿ ಕಟ್ಟಿ, ಗಂಡನ ಬೂಟು ಹಾಕಿಕೊಂಡು ಉನ್‌ಸೊಲ್ ಅಮ್ಮನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆದಳು. ಅಮ್ಮ ಎಲ್ಲೂ ನಿಂತು ಹುಡುಕಲಿಲ್ಲ. ಹತ್ತೂ ಚೌಕ ಒಂದಾದಮೇಲೊಂದು ಸಿಕ್ಕವು. ಅಮ್ಮ ಬೆರಳು ತೋರಿಸಿದಳು, ಉನ್‌ಸೊಲ್ ಬರೆದಳು. ಮೊದಲ ವರ್ಷ ಒಂದೊಂದು ಚೌಕದಲ್ಲಿ ಇಪ್ಪತ್ತರ ಮೇಲಿದ್ದವು. ಇವತ್ತು ನಾಲ್ಕು, ಎರಡು, ನಾಲ್ಕು, ಮೂರು.

ಕೊನೆಯ ಚೌಕದ ಗೂಟಕ್ಕೆ ಚಿಂದಿ ಇರಲಿಲ್ಲ, ಕೊಳೆತು ಹೋಗಿತ್ತು. ಸುಲ್ಲೆ ಸೊಂಟದಿಂದ ಬಿಳಿ ಪಟ್ಟಿ ಬಿಚ್ಚಿ, ಎರಡು ಸುತ್ತು ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು. ನಿರ್ದೇಶಕ ಎಂಬುದು ಗಂಟಿನೊಳಗೆ ಸೇರಿತು. ಹೆಸರು ಕೆಳಗೆ ಇಳಿಬಿದ್ದು ಕೆಸರಿಗೆ ಅಂಟಿಕೊಂಡಿತು.

"ಎಷ್ಟು?" ಎಂದಳು ಉನ್‌ಸೊಲ್.

ಅಮ್ಮ ಮಂಡಿಯೂರಿ, ಕೆನ್ನೆ ಕೆಸರಿಗೆ ತಾಗುವಷ್ಟು ಬಗ್ಗಿ ನೋಡಿದಳು. "ಒಂದು. ಉಸಿರಾಡ್ತಾ ಇದೆ."

ಉನ್‌ಸೊಲ್ ಬರೆದಳು: ಹನ್ನೊಂದನೆಯ ನೀರು, ಹತ್ತನೆಯ ಚೌಕ, ಒಂದು. ಎಣಿಸಿದವರು ಎಂಬಲ್ಲಿ ಮೊದಲು ಗಂಡನ ಹೆಸರು, ಕೆಳಗೆ ಅಮ್ಮನದು. ಯಾವ ಗುರುತೂ ಹಾಕಲಿಲ್ಲ. ಅಷ್ಟರಲ್ಲಿ ನೀರು ತಿರುಗಿತ್ತು; ತೆಳ್ಳಗೆ ಹರಿದು ಬಂದು ಪಟ್ಟಿಯ ತುದಿಯನ್ನು ಮುಟ್ಟಿತು.