ಹೊರಗಿನವರ ಮುಂದೆ ಆಡಬಾರದ ಮಾತು

ಅರ್ನೆಸ್ಟೀನ್ ಅಕ್ಕನನ್ನು ಭಾನುವಾರದ ಸಮಾರಂಭದಲ್ಲಿ ವೇದಿಕೆಯ ಮೇಲೆ ಕೂರಿಸುವುದು ಬೇಡವಂತೆ! ಸಂಘ ಸೇರಿ ಅರವತ್ತು ವರ್ಷ ತುಂಬಿದ್ದಕ್ಕೆ ಕೊಡುವ ಪದಕವನ್ನು ಅಂಚೆಯಲ್ಲಿ ಕಳಿಸಿಬಿಡೋಣವಂತೆ! ಹೀಗೆಂದವಳು ಶಾರ್ಮೇನ್, ಮಾಂಟ್‌ಗೊಮೆರಿಯಲ್ಲಿರುವ ನಮ್ಮ ಸೊರೊರಿಟಿಯ, ಎಂದರೆ ಕಾಲೇಜು ಹೆಣ್ಣುಮಕ್ಕಳ ಸೋದರಿ ಸಂಘದ, ಹಳೆಯ ವಿದ್ಯಾರ್ಥಿನಿಯರ ಅಧ್ಯಕ್ಷೆ. ಕಾಲೇಜಿನಲ್ಲಿದ್ದಾಗ ಇವಳನ್ನು ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಶಿಫಾರಸು ಪತ್ರ ಬರೆದುಕೊಟ್ಟವಳೇ ಅರ್ನೆಸ್ಟೀನ್ ಅಕ್ಕ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅಲ್ಲವೇ?

ಅಕ್ಕನ ಅಪರಾಧವನ್ನು ಮಂಗಳವಾರದ ಸಭೆಯಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಶಾರ್ಮೇನ್ ಎದ್ದು ನಿಂತು ಬಣ್ಣಿಸಿದಳು.

"ಆರೈಕೆ ಮನೆಗೆ ಆಹ್ವಾನ ಪತ್ರ ಕೊಡೋಕೆ ಹೋಗಿದ್ದೆ. ಊಟದ ಹಾಲ್‌ನಲ್ಲಿ, ಎಲ್ಲರ ಎದುರಿಗೆ, ನಮ್ಮ ಗುಟ್ಟಿನ ಪ್ರತಿಜ್ಞೆ ಮಾತನ್ನ ಕೂಗಿ ಕೂಗಿ ಹೇಳ್ತಿದ್ರು. ಅವರಿಗೆ ನೆನಪು ಕೆಟ್ಟಿದೆ, ಪಾಪ, ಒಪ್ತೀನಿ. ಆದ್ರೆ ಭಾನುವಾರ ಹೋಟೆಲ್ಲಲ್ಲಿ ಮೈಕ್ ಮುಂದೆ ಹಾಗೇ ಶುರು ಹಚ್ಕೊಂಡ್ರೆ? ಗಂಡಂದಿರು, ಮಕ್ಕಳು, ಮೇಯರ್ ಎಲ್ಲ ಇರ್ತಾರೆ."

"ಮೇಯರ್ ಕೇಳಿಸ್ಕೊಂಡ್ರೆ ಆಕಾಶ ಕಳಚಿ ಬೀಳುತ್ತಾ?" ಎಂದೆ.

"ಓಜೆಲ್ಲಾ ಅಕ್ಕ, ನಿಯಮ ನಿಯಮಾನೇ."

"ಆ ನಿಯಮ ನಿಂಗೆ ಹೇಳ್ಕೊಟ್ಟಿದ್ದು ಯಾರೇ? ಅವಳೇ ತಾನೆ? ನಾಚ್ಕೆ ಆಗ್ಬೇಕು ನಿಂಗೆ!"

ಯಾರಾದರೂ ನನ್ನ ಪರ ಮಾತಾಡುತ್ತಾರೇನೋ ಎಂದು ಸುತ್ತ ನೋಡಿದೆ. ಒಬ್ಬೊಬ್ಬಳೂ ಶಾರ್ಮೇನಳ ಮುಖವನ್ನೇ ನೋಡುತ್ತಿದ್ದಳು. ಅಕ್ಕನನ್ನು ಕರೆಸುವುದು ಬೇಡ ಎನ್ನುವವರು ಕೈ ಎತ್ತಿ ಎಂದಾಗ ಹನ್ನೊಂದು ಕೈ ಮೇಲೆದ್ದವು. ವಿರೋಧಕ್ಕೆ ನಾನೊಬ್ಬಳೇ.

"ಕರ್ಕೊಂಡೇ ಬರ್ತೀನಿ. ಬಾಗಿಲಲ್ಲಿ ಯಾವಳು ತಡೀತಾಳೋ ನೋಡ್ತೀನಿ!" ಎಂದು ಕೂಗಿ ಎದ್ದುಬಂದೆ.

ನನ್ನ ಸಿಟ್ಟಿಗೆ ಕಾರಣವಿದೆ. ಮೊದಲ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದು, ಊರಿಗೆ ಹೋಗಿಬಿಡೋಣವೆಂದು ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಎಲ್ಲಿಂದಲೋ ಓಡಿಬಂದ ಅರ್ನೆಸ್ಟೀನ್ ಅಕ್ಕ ಪೆಟ್ಟಿಗೆಯನ್ನು ಕಿತ್ತುಕೊಂಡಳು. "ಹೋಗೋದಾದ್ರೆ ಬರಿಗೈಲಿ ಹೋಗು. ಇಲ್ಲ ಅಂದ್ರೆ ಯಾವ ಲೆಕ್ಕ ಬರಲ್ಲ, ತೋರ್ಸು" ಎಂದಳು. ಆ ಬೆಂಚಿನ ಮೇಲೆಯೇ ಕೂತು ಮೂರು ಲೆಕ್ಕ ಮಾಡಿಸಿದಳು. ಆಮೇಲೆ ನಾನು ಮೂವತ್ತನಾಲ್ಕು ವರ್ಷ ಗಣಿತವನ್ನೇ ಪಾಠ ಮಾಡಿದೆ. ನನ್ನ ಗಂಡ ಸತ್ತಾಗ ಅವಳು ನಲವತ್ತು ದಿನ ನನ್ನ ಮನೆಯಲ್ಲೇ ಮಲಗಿದಳು. ಒಡಹುಟ್ಟಿದವರು ಇಷ್ಟು ಮಾಡುತ್ತಾರೆಯೇ?

ಆ ಪ್ರತಿಜ್ಞೆ ಏನೆಂದು ಹೇಳಿಬಿಡುತ್ತೇನೆ, ಶಾರ್ಮೇನ್ ಬೇಕಾದರೆ ನನ್ನ ಹೆಸರನ್ನೂ ಹೊಡೆದುಹಾಕಲಿ. ಸೇರುವ ದಿನ ದೀಪ ಆರಿಸುತ್ತಾರೆ. ಹಿರಿಯಳು ಕೈ ಚಾಚಿ ಒಂದು ಪ್ರಶ್ನೆ ಕೇಳುತ್ತಾಳೆ, ಹೊಸಬಳು ಆ ಕೈ ಹಿಡಿದು ಉತ್ತರ ಹೇಳುತ್ತಾಳೆ. ಇದನ್ನು ಹೊರಗಿನವರ ಮುಂದೆ ಪಿಟ್ಟೆನ್ನುವಂತಿಲ್ಲ. ನನ್ನ ಗಂಡ ಜೀವಮಾನವೆಲ್ಲ ಗೋಗರೆದ, ನಾನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಿಳಿ ಉಡುಪು ತೊಟ್ಟು, ಅಕ್ಕನಿಗೊಂದು ಬಿಳಿ ಉಡುಪನ್ನು ಇಸ್ತ್ರಿ ಮಾಡಿಕೊಂಡು ಹೊರಟೆ. ನಾನು ಆ ಆರೈಕೆ ಮನೆಗೆ ಹೋಗಿ ಐದು ತಿಂಗಳಾಗಿತ್ತು. ಮಂಡಿನೋವು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವೇನೆಂದರೆ, ಆಗಸ್ಟಿನಲ್ಲಿ ಅವಳು ನನ್ನನ್ನು ಅಂಚೆಯವಳು ಎಂದುಕೊಂಡಿದ್ದಳು. ಅದನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ.

ಹಾಲ್‌ನಲ್ಲಿ ಅಕ್ಕ ಗಾಲಿ ಕುರ್ಚಿಯಲ್ಲಿದ್ದಳು. ಅಲ್ಲಿ ಕೆಲಸ ಮಾಡುವ ಲಟಾನ್ಯಾ ಎಂಬ ಹೆಂಗಸು ಜೋಳದ ಗಂಜಿ ತಿನ್ನಿಸಲು ಕೂತಿದ್ದಳು. ಪಕ್ಕದ ಮೇಜಿನಲ್ಲಿ ಮೂವರು ಮುದುಕರು, ಆಚೆ ನೆಲ ಒರೆಸುವವನು. ಅಕ್ಕ ನನ್ನ ಕಡೆಗೆ ಕೈ ಚಾಚಿದಳು.

"ಕತ್ತಲಲ್ಲಿ ನಿನ್ನ ಕೈ ಹಿಡಿದೋಳು ಯಾರು?"

ಹೊರಗಿನವರಿದ್ದಾರೆ! ಅಭ್ಯಾಸ ನೋಡಿ, ಅದೊಂದೇ ತಲೆಗೆ ಬಂದದ್ದು. "ಶ್... ಆಮೇಲೆ ಅಕ್ಕ, ಆಮೇಲೆ" ಎಂದೆ.

ಅವಳು ಮತ್ತೆ ಕೇಳಿದಳು, ಜೋರಾಗಿ. ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ಮಂಗಳವಾರ ಅಷ್ಟೆಲ್ಲ ಗುಡುಗಿದ ನಾನು ನೆಲ ನೋಡುತ್ತ ನಿಂತೆ.

ಲಟಾನ್ಯಾ ಚಮಚ ಕೆಳಗಿಟ್ಟು ಆ ಕೈ ಹಿಡಿದುಕೊಂಡಳು. "ನನಗಿಂತ ಮೊದಲು ಬಂದೋಳು. ನನ್ನ ನಂತರ ಬರೋಳ ಕೈಯನ್ನ ನಾನು ಹಿಡೀತೀನಿ" ಎಂದಳು. ಒಂದು ಪದವೂ ತಪ್ಪಲಿಲ್ಲ. ಅಕ್ಕ ಸಮಾಧಾನವಾಗಿ ಬಾಯಿ ತೆರೆದು ಗಂಜಿ ನುಂಗಿದಳು.

ನನ್ನ ಮೈ ಉರಿದುಹೋಯಿತು. "ಇದನ್ನ ನಿಂಗೆ ಯಾರು ಹೇಳಿದ್ದು?"

"ಇವರೇ, ಅಮ್ಮ. ಮೂರು ಹೊತ್ತೂ ಕೇಳ್ತಾರೆ. ಉತ್ತರ ಬರ್ದಿದ್ರೆ ತುತ್ತು ಒಳಗೆ ಬಿಡಲ್ಲ. ಅಕ್ಟೋಬರ್ ಕೊನೆಗೆ, ಹ್ಯಾಲೋವೀನ್ ಹೊತ್ತಿಗೆ, ಇಳಿದು ಕಡ್ಡಿ ಆಗಿಬಿಟ್ಟಿದ್ರು. ನಿಮ್ಮೋರು ಯಾರಾದ್ರೂ ಬಂದು ಹೇಳ್ತಾರೇನೋ ಅಂತ ಕಾದೆ. ಕೊನೆಗೆ ಇವರೇ ಗದರಿಸಿ ನಂಗೆ ಬಾಯಿಪಾಠ ಮಾಡ್ಸಿದ್ರು. ಕಾಲೇಜು ಮೆಟ್ಟಿಲು ಹತ್ತಿದೋಳಲ್ಲ ನಾನು, ವಾರ ಹಿಡೀತು." ಅವಳು ದನಿ ತಗ್ಗಿಸಿದಳು. "ಯಾರಿಗೂ ಹೇಳಿಲ್ಲಮ್ಮ, ಆಣೆ. ನನ್ನ ಗಂಡನಿಗೂ ಹೇಳಿಲ್ಲ."

ಶಾರ್ಮೇನಳ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಂತು. ಹನ್ನೆರಡು ಜನ ಕೂತು ಅವಳ ಬಾಯಿ ಮುಚ್ಚಿಸಬೇಕೋ ಬೇಡವೋ ಎಂದು ಜಗಳವಾಡಿದೆವು. ಆ ಬಾಯಿಗೆ ಅನ್ನ ಹೋಗುತ್ತಿದೆಯೇ ಎಂದು ಒಬ್ಬಳೂ ಕೇಳಲಿಲ್ಲ. ಥೂ, ನಮ್ಮ ಜನ್ಮಕ್ಕಿಷ್ಟು!

ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. "ಅಕ್ಕ, ಇನ್ನೊಂದ್ಸಲ ಕೇಳು. ಈ ಸಲ ಹೇಳ್ತೀನಿ. ಯಾರಿದ್ರೂ ಸರಿ, ಹೇಳ್ತೀನಿ."

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಲಟಾನ್ಯಾಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಅವಳ ಕಿವಿಗೆ ಬಾಗಿದಳು. ಗುಟ್ಟಿನ ದನಿಯೇ, ಆದರೆ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇವಳ ಮುಂದೆ ಆಡ್ಬೇಡ ಕಣೆ. ಇವಳು ನಮ್ಮೋಳಲ್ಲ."

ಲಟಾನ್ಯಾ ಗಾಬರಿಯಾದಳು. "ಬೇಜಾರು ಮಾಡ್ಕೋಬೇಡಿ ಅಮ್ಮ, ಅವರಿಗೆ ಏನೂ ಗೊತ್ತಾಗಲ್ಲ."

"ಗೊತ್ತಾಗುತ್ತೆ ಕಣೆ," ಎಂದೆ. "ಚೆನ್ನಾಗಿ ಗೊತ್ತಾಗುತ್ತೆ."